ಕಪ್‌ಗೆ ದುಡ್ಡಿದೆ, ಕೋಚ್‌ಗೆ ಯಾಕಿಲ್ಲ?

ಗಣೇಶನ ಹಬ್ಬ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಊರುಗಳ ಬಸ್ ಸ್ಟಾಪಿನಲ್ಲಿ ಒಂದಲ್ಲ ಒಂದು ಫ್ಲೆಕ್ಸ್ ನಿಂತಿರುತ್ತದೆ. ‘ಪ್ರೊ ಕಬಡ್ಡಿ ಮಾದರಿಯ ಹೊನಲು ಬೆಳಕಿನ ಪಂದ್ಯಾವಳಿ.’ ಮೊದಲ ಬಹುಮಾನ ಇಷ್ಟು, ಎರಡನೇದು ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ. ಕೆಳಗೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್. ಅದರ ಕೆಳಗೆ ದಾನಿಗಳ ಫೋಟೊ, ಮುಖಂಡರ ಫೋಟೊ, ಶುಭ ಕೋರುವವರ ಫೋಟೊ. ಇಂಥ ಫ್ಲೆಕ್ಸುಗಳನ್ನು ನಾನು ಹತ್ತಾರು ನೋಡಿದ್ದೇನೆ. ಒಂದರಲ್ಲೂ ‘ಬೆಸ್ಟ್ ಕೋಚ್’ ಅಂತ ಬಹುಮಾನ ಕಂಡಿಲ್ಲ. ಬಹುಮಾನ ಹೋಗಲಿ, ಆಡುವ ಹುಡುಗರಿಗೆ ಆಟ ಕಲಿಸಿದವರು ಯಾರು ಅನ್ನುವ ಒಂದು ಸಾಲೂ ಇರುವುದಿಲ್ಲ.

ಕಳೆದ ವರ್ಷ ಕೊಳ್ಳೇಗಾಲದ ಹತ್ತಿರದ ಊರೊಂದರಲ್ಲಿ ಇಂಥದ್ದೇ ಪಂದ್ಯ ನೋಡುತ್ತಿದ್ದೆ. ಆಟ ಮುಗಿಯಲು ಇನ್ನೇನು ಒಂದೂವರೆ ನಿಮಿಷ. ನಮ್ಮ ಕಡೆಯವರು ಎರಡು ಪಾಯಿಂಟ್ ಮುಂದಿದ್ದರು. ಎದುರು ತಂಡದಲ್ಲಿ ಉಳಿದಿದ್ದವರು ಮೂರೇ ಜನ. ನಮ್ಮ ಹುಡುಗ ರೈಡಿಗೆ ಹೋದ. ಆಗ ಅವನು ಪಾಯಿಂಟ್ ತರಲೇಬೇಕು ಅಂತೇನಿರಲಿಲ್ಲ. ಅಡ್ಡಗೆರೆ ದಾಟಿ, ಮೂವತ್ತು ಸೆಕೆಂಡ್ ಕಳೆದು, ವಾಪಸ್ ಬಂದಿದ್ದರೆ ಸಾಕಿತ್ತು. ಸುತ್ತ ನಿಂತವರು ಕೂಗಿದರು, ವಿಸಲ್ ಹೊಡೆದರು. ಹುಡುಗ ಒಳಕ್ಕೆ ನುಗ್ಗಿದ. ಮೂವರೂ ಸೇರಿ ಕೆಡವಿದರು. ಮೂವರು ಮಾತ್ರ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಸಮ ಆಯಿತು. ಮುಂದಿನ ರೈಡಿನಲ್ಲಿ ಪಂದ್ಯವೂ ಹೋಯಿತು.

“ದಮ್ಮೇ ಇಲ್ಲ ಕನ ಇವ್ನಿಗೆ” ಅಂತ ಪಕ್ಕದವರು ಬೈದರು. ಆಮೇಲೆ ನಾನು ಹುಡುಗನನ್ನು ಕೇಳಿದೆ, ಮೂರು ಜನ ಇದ್ದಾಗ ಒಳಕ್ಕೆ ಹೋಗಬಾರದು ಅಂತ ಗೊತ್ತಿರಲಿಲ್ಲವಾ? ಅವನು ಟೀ ಶರ್ಟಿನಲ್ಲಿ ಮುಖ ಒರೆಸಿಕೊಂಡು ಹೇಳಿದ: “ಗೊತ್ತು ಕನಣ್ಣ. ಆದ್ರೆ ಆಗ ಎಣ್ಸಕೆ ಗ್ಯಾನ ಎಲ್ಲಿರ್ತದೆ?”

ಅವನಿಗೆ ದಮ್ಮಿಗೇನೂ ಕೊರತೆ ಇರಲಿಲ್ಲ. ಎಣಿಸುವುದನ್ನು ಅಭ್ಯಾಸ ಮಾಡಿಸಿದವರು ಯಾರೂ ಇರಲಿಲ್ಲ. ಉಸಿರು ಕಟ್ಟಿದಾಗಲೂ, ಜನ ಕೂಗುವಾಗಲೂ, ಎದುರಿಗೆ ಎಷ್ಟು ಜನ, ಎಷ್ಟು ಸೆಕೆಂಡ್, ಇದು ಎಷ್ಟನೇ ಖಾಲಿ ರೈಡ್ ಅನ್ನುವುದು ತಲೆಯಲ್ಲಿ ತಾನೇ ಓಡುತ್ತಿರಬೇಕು. ಅದು ಒಂದು ದಿನದಲ್ಲಿ ಬರುವುದಿಲ್ಲ. ದಿನಾ ಬೆಳಿಗ್ಗೆ ಒಬ್ಬರು ಪಕ್ಕದಲ್ಲಿ ನಿಂತು ಹೇಳಿ ಹೇಳಿ ಮಾಡಿಸಬೇಕು. ಕೋಚ್ ಅಂದರೆ ಅದು. ಕತ್ತಿಗೆ ವಿಸಲ್ ಹಾಕಿಕೊಂಡು ‘ಓಡ್ರೋ’ ಅನ್ನುವವರು ಮಾತ್ರ ಅಲ್ಲ.

ನಮ್ಮ ಮೂರು ತಾಲ್ಲೂಕಿನಲ್ಲಿ ಆಟಗಾರರಿಗೆ ಬರ ಇಲ್ಲ, ಕಪ್ಪಿಗೂ ಬರ ಇಲ್ಲ. ಬರ ಇರುವುದು ಒಂದೇ ಊರಿನಲ್ಲಿ ಹತ್ತು ವರ್ಷ ನಿಂತು ಆಟ ಕಲಿಸುವವರಿಗೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಒಬ್ಬ ಕೋಚ್, ಮೂರು ಪಾಠ

ನಮ್ಮ ರಾಜ್ಯದವರೇ ಆದ ಒಬ್ಬರನ್ನು ನೋಡಿ. ಬಿ.ಸಿ. ರಮೇಶ್. ಭಾರತ ತಂಡಕ್ಕೆ ಆಡಿದವರು. ಕಬಡ್ಡಿಯಲ್ಲಿ 2000ದ ಅರ್ಜುನ ಪ್ರಶಸ್ತಿ ಕರ್ನಾಟಕದ ಸಿ. ಹೊನ್ನಪ್ಪ ಅವರಿಗೆ ಬಂದಿತ್ತು. ಮರುವರ್ಷ, 2001ರದ್ದು, ರಮೇಶ್ ಅವರಿಗೆ. ಆಡುವ ಕಾಲ ಮುಗಿದ ಮೇಲೆ ಅವರು ಕೋಚ್ ಆದರು. ಇವತ್ತಿನ ಹುಡುಗರಿಗೆ ಅವರು ಗೊತ್ತಿರುವುದು ಟಿವಿಯಲ್ಲಿ, ಅಂಕಣದ ಪಕ್ಕದ ಬೆಂಚಿನಲ್ಲಿ ಕೂತವರಾಗಿ.

ಪ್ರೊ ಕಬಡ್ಡಿಯಲ್ಲಿ ಅವರು ಮೂರು ಬೇರೆ ಬೇರೆ ತಂಡಗಳ ಗೆಲುವಿನಲ್ಲಿ ಇದ್ದವರು. ಆ ಮೂರು ಗೆಲುವುಗಳಲ್ಲಿ ದಾಳಿ ಒಂದರಂತೆ ಒಂದಿರಲಿಲ್ಲ. ನಮ್ಮ ಹುಡುಗರು ಕಲಿಯಬೇಕಾದದ್ದು ಅಲ್ಲೇ ಇದೆ.

ಮೊದಲನೆಯದು ಆರನೇ ಸೀಸನ್. ಬೆಂಗಳೂರು ಬುಲ್ಸ್ ತಂಡದಲ್ಲಿ ರಣಧೀರ್ ಸಿಂಗ್ ಅವರ ಜೊತೆಗೆ ರಮೇಶ್ ತರಬೇತಿ ಬಳಗದಲ್ಲಿದ್ದರು. ಪವನ್ ಸೆಹ್ರಾವತ್ ಅನ್ನುವ ಹುಡುಗ ಅದರ ಹಿಂದಿನ ಸೀಸನ್‌ನಲ್ಲಿ ಗುಜರಾತ್ ತಂಡದಲ್ಲಿದ್ದು, ಹೆಚ್ಚು ಆಡಲು ಅವಕಾಶವೇ ಸಿಗದೆ ಬಂದಿದ್ದ. ಬೆಂಗಳೂರು ಅವನ ಮೇಲೆ ಭಾರ ಹಾಕಿತು. ಅವನು ಆ ಸೀಸನ್‌ನಲ್ಲಿ 271 ರೈಡ್ ಪಾಯಿಂಟ್ ತಂದ. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್. ಎದುರಿಗೆ ಅದೇ ಗುಜರಾತ್. ಮೊದಲರ್ಧದಲ್ಲಿ ಬೆಂಗಳೂರು ಹಿಂದಿತ್ತು. ಕೊನೆಗೆ 38–33ರಿಂದ ಗೆದ್ದಿತು. ಪವನ್ ಒಬ್ಬನದೇ 22 ಪಾಯಿಂಟ್. ಪಾಠ ಏನು? ಒಬ್ಬ ಹುಡುಗನ ಕಾಲಿನಲ್ಲಿ ಶಕ್ತಿ ಇದೆ ಅಂತ ಕಂಡರೆ, ಎರಡು ಸಲ ಔಟಾದ ಅಂತ ಅವನನ್ನು ಕೂರಿಸಬಾರದು.

ಎರಡನೆಯದು ಅದೇ ವರ್ಷ, ಏಳನೇ ಸೀಸನ್. ರಮೇಶ್ ಬೆಂಗಾಲ್ ವಾರಿಯರ್ಸ್ ತಂಡದ ಮುಖ್ಯ ಕೋಚ್. ಅವರ ದೊಡ್ಡ ರೈಡರ್, ನಾಯಕ ಮಣಿಂದರ್ ಸಿಂಗ್. ಅಕ್ಟೋಬರ್ 19ರ ಅಹಮದಾಬಾದ್ ಫೈನಲ್‌ಗೆ ಮಣಿಂದರ್ ಗಾಯದಿಂದ ಆಡಲಿಲ್ಲ. ನಮ್ಮೂರ ತಂಡವಾಗಿದ್ದರೆ ‘ಮೇನ್ ರೈಡರ್ರೇ ಇಲ್ಲ, ಇನ್ನೇನು’ ಅಂತ ಅರ್ಧ ಸೋತೇ ಅಂಕಣಕ್ಕೆ ಇಳಿಯುತ್ತಿದ್ದೆವು. ಎದುರಿನ ದಬಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬನೇ 18 ಪಾಯಿಂಟ್ ತಂದ. ಆದರೂ ಬೆಂಗಾಲ್ 39–34ರಿಂದ ಗೆದ್ದಿತು. ಇರಾನಿನ ನಬಿಬಕ್ಷ್ 10 ಪಾಯಿಂಟ್, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 8 ಪಾಯಿಂಟ್. ಉಳಿದದ್ದನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಸೇರಿಸಿದರು. ಇಂಥದ್ದು ಫೈನಲ್ ದಿನ ಬೆಳಿಗ್ಗೆ ಯೋಚಿಸಿ ಆಗುವುದಲ್ಲ. ಎರಡನೇ ರೈಡರ್, ಮೂರನೇ ರೈಡರ್ ತಿಂಗಳುಗಟ್ಟಲೆ ತಯಾರಾಗಿದ್ದರೆ ಮಾತ್ರ ಆಗುತ್ತದೆ.

ಮೂರನೆಯದು ಪುಣೇರಿ ಪಲ್ಟನ್. ಇಲ್ಲಿ ಒಬ್ಬ ದೊಡ್ಡ ಹೆಸರಿನ ರೈಡರನ್ನೇ ನಂಬಿಕೊಂಡಿರಲಿಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಹೀಗೆ ಚಿಕ್ಕ ವಯಸ್ಸಿನ ಹುಡುಗರು ದಾಳಿಯನ್ನು ಹಂಚಿಕೊಂಡರು. 2022ರ ಡಿಸೆಂಬರ್ ಫೈನಲ್‌ನಲ್ಲಿ ಜೈಪುರದ ಎದುರು 33–29ರಿಂದ ಸೋತರು. ಹೆಚ್ಚುಕಮ್ಮಿ ಅದೇ ಹುಡುಗರನ್ನು ಉಳಿಸಿಕೊಂಡರು. ಮುಂದಿನ ಸೀಸನ್‌ನಲ್ಲಿ, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ, ಹರಿಯಾಣ ಸ್ಟೀಲರ್ಸ್ ಎದುರು 28–25ರಿಂದ ಕಪ್ ಎತ್ತಿದರು. ಸೋತ ವರ್ಷದ ಹುಡುಗರೇ ಗೆದ್ದ ವರ್ಷದ ಹುಡುಗರು. ನಮ್ಮಲ್ಲಿ ಒಂದು ಟೂರ್ನಮೆಂಟ್ ಸೋತರೆ ಟೀಮೇ ಒಡೆದುಹೋಗುತ್ತದೆ.

ಹಾಗಂತ ಕೋಚ್ ಇದ್ದ ಕಡೆ ಗೆಲುವು ಖಾತ್ರಿ ಅಂತಲೂ ಅಲ್ಲ. ಕಪ್ ಗೆದ್ದ ಪುಣೆ ಅದರ ಮುಂದಿನ ಸೀಸನ್‌ನಲ್ಲಿ ಪ್ಲೇ ಆಫ್‌ಗೂ ಬರಲಿಲ್ಲ. ನಾಯಕ ಅಸ್ಲಂ ನಡುವೆಯೇ ಗಾಯಗೊಂಡ. 2025ರಲ್ಲಿ ರಮೇಶ್ ಬೆಂಗಳೂರು ಬುಲ್ಸ್‌ಗೆ ಮುಖ್ಯ ಕೋಚ್ ಆಗಿ ವಾಪಸ್ ಬಂದರು. ಅದರ ಹಿಂದಿನ ಸೀಸನ್‌ನಲ್ಲಿ ಬುಲ್ಸ್ ಪಟ್ಟಿಯ ಕೊನೆಯಲ್ಲಿತ್ತು. ಕೋಚ್ ಆದವರ ಬದುಕೇ ಹೀಗೆ. ಒಂದು ವರ್ಷ ಹೆಗಲ ಮೇಲೆ ಹೊರುತ್ತಾರೆ, ಇನ್ನೊಂದು ವರ್ಷ ಬೇರೆ ಊರಿಗೆ ಗಂಟುಮೂಟೆ. ಆದರೂ ಕೆಲಸ ಅದೇ: ಹೊಸ ಹುಡುಗರು, ಮೊದಲನೇ ದಿನದಿಂದ, ಮೊದಲನೇ ಹೆಜ್ಜೆಯಿಂದ.

ಎರಡನೇ ಮನುಷ್ಯ

ದೂರದ ಒಂದು ಉದಾಹರಣೆಯನ್ನೂ ಹೇಳುತ್ತೇನೆ. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಆಟ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಅಡ್ಡ ಬಂದವರನ್ನು ತಳ್ಳಿಕೊಂಡು ಹೋಗುವುದು. ಒಂದು ಲೆಕ್ಕಕ್ಕೆ ಕಬಡ್ಡಿಯ ದೂರದ ನೆಂಟ. ಅಲ್ಲಿ ಮುಖ್ಯ ಕೋಚ್ ಬೇರೆ, ಅವರ ಕೈಕೆಳಗೆ ದಾಳಿಗೇ ಒಬ್ಬ ಕೋಚ್, ತಡೆಯುವುದಕ್ಕೇ ಒಬ್ಬ ಕೋಚ್.

ನಾರ್ಮ್ ಚೌ ಅಂತ ಒಬ್ಬರು ದಾಳಿಯ ಕೋಚ್ ಆಗಿ ಹೆಸರು ಮಾಡಿದವರು. ಯೂಟಾ ರಾಜ್ಯದ ಬ್ರಿಗ್ಹಮ್ ಯಂಗ್ ವಿಶ್ವವಿದ್ಯಾಲಯದಲ್ಲಿ 1973ರಿಂದ 1999ರವರೆಗೆ, 27 ಸೀಸನ್, ಒಂದೇ ಕಡೆ ಇದ್ದರು. ಚಿಕ್ಕ ಸಹಾಯಕನಾಗಿ ಸೇರಿ ದಾಳಿಯ ಹೊಣೆ ಹೊತ್ತವರು. ಅಲ್ಲಿನ ಕಾಲೇಜು ಆಟಗಾರರಿಗೆ ಸಿಗುವ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್. ಅದನ್ನು ಅವರ ಕೈಯಲ್ಲಿ ಪಳಗಿದ ಟೈ ಡೆಟ್ಮರ್ 1990ರಲ್ಲಿ ಪಡೆದರು. ಆಮೇಲೆ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅವರು ತಿದ್ದಿದ ಇಬ್ಬರು, ಕಾರ್ಸನ್ ಪಾಮರ್ 2002ರಲ್ಲಿ, ಮ್ಯಾಟ್ ಲೈನಾರ್ಟ್ 2004ರಲ್ಲಿ ಪಡೆದರು. ಚೌ ಅವರಿಗೆ ಒಂದು ಕಾಲೇಜಿನ ಮುಖ್ಯ ಕೋಚ್ ಕುರ್ಚಿ ಸಿಕ್ಕಿದ್ದು 65 ದಾಟಿದ ಮೇಲೆ, ಹವಾಯಿಯಲ್ಲಿ. ಅಲ್ಲಿ ಗೆಲುವು ಕೈಹಿಡಿಯಲಿಲ್ಲ, ನಾಲ್ಕನೇ ಸೀಸನ್‌ನಲ್ಲೇ ಕೆಲಸ ಹೋಯಿತು.

ಅವರನ್ನು ಜನ ಇವತ್ತು ನೆನೆಯುವುದು ಎರಡನೇ ಸ್ಥಾನದಲ್ಲಿ ಕೂತು ಕಳೆದ ಆ ವರ್ಷಗಳಿಗಾಗಿ. ಒಂದು ಕಾಲೇಜು ಒಬ್ಬ ಸಹಾಯಕನನ್ನು 27 ವರ್ಷ ಉಳಿಸಿಕೊಂಡಿತಲ್ಲ, ನಾನು ಅದನ್ನೇ ಯೋಚಿಸುತ್ತೇನೆ. ಅಲ್ಲಿ ದುಡ್ಡಿನ ಹೊಳೆ ಇದೆ, ನಮ್ಮಲ್ಲಿ ಇಲ್ಲ, ಒಪ್ಪೋಣ. ಆದರೆ ನಾವು ಒಬ್ಬರನ್ನು ಎರಡು ವರ್ಷವೂ ಉಳಿಸಿಕೊಳ್ಳುವುದಿಲ್ಲ.

ನಮ್ಮೂರಲ್ಲಿ ಆದದ್ದು

ನಾನು ಓದಿದ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರ ಹುದ್ದೆ ಖಾಲಿ ಇತ್ತು. ಪಿಟಿ ಪೀರಿಯಡ್ ಬಂದರೆ ಗಣಿತದ ಮೇಷ್ಟ್ರು ಬಂದು ಬಾಕಿ ಲೆಕ್ಕ ಮುಗಿಸುತ್ತಿದ್ದರು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ನಾಲ್ಕು ದಿನ ಇದೆ ಅನ್ನುವಾಗ ‘ಯಾರ್ಯಾರು ಕಬಡ್ಡಿ ಆಡ್ತೀರಾ, ಕೈ ಎತ್ತಿ’ ಅಂತ ಕೇಳುತ್ತಿದ್ದರು.

ಆಟ ನಿಜವಾಗಿ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಅಣ್ಣ. ಕಾಲೇಜಿನಲ್ಲಿ ಒಳ್ಳೆ ರೈಡರ್ ಆಗಿದ್ದವರು. ಬೆಳಿಗ್ಗೆ ಐದೂವರೆಗೆ ಬಂದು ಕೆರೆ ಪಕ್ಕದ ಬಯಲಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದರು. ಒಂದು ವಾರ ಪೂರ್ತಿ ಬೋನಸ್ ಗೆರೆಗೆ ಕಾಲು ಹಾಕುವುದೊಂದನ್ನೇ ಮಾಡಿಸಿದ್ದು ನೆನಪಿದೆ. ಹಿಂದಿನ ಕಾಲು ನೆಲ ಬಿಟ್ಟಿರಬೇಕು, ಮೈ ವಾಲಬಾರದು, ಕಣ್ಣು ಕಾರ್ನರ್‌ನವನ ಮೇಲೆ. “ಕಾಲು ಆಮೇಲೆ ಹೋಗ್ಲಿ, ಕಣ್ಣು ಮೊದ್ಲು ಹೋಗ್ಲಿ ಕಲಾ” ಅನ್ನುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ನಾವು ಹೋಬಳಿ ದಾಟಿ ತಾಲ್ಲೂಕು ಮಟ್ಟದಲ್ಲಿ ಫೈನಲ್ ಆಡಿದೆವು.

ಆಮೇಲೆ ಅಣ್ಣ ಬೆಂಗಳೂರಿಗೆ ಹೋದರು, ಸೆಕ್ಯುರಿಟಿ ಕೆಲಸಕ್ಕೆ. ಮನೆ ನಡೆಯಬೇಕಲ್ಲ. ಅವರನ್ನು ‘ಇರಿ’ ಅಂದವರು ಯಾರೂ ಇರಲಿಲ್ಲ, ಅನ್ನಲು ಯಾರ ಹತ್ತಿರವೂ ಏನೂ ಇರಲಿಲ್ಲ. ಆ ವರ್ಷ ಹಬ್ಬಕ್ಕೆ ನಮ್ಮೂರಲ್ಲೂ ದೊಡ್ಡ ಪಂದ್ಯಾವಳಿ ಆಯಿತು. ಪೆಂಡಾಲು, ಸೌಂಡು, ಲೈಟು, ಸೊಂಟದೆತ್ತರದ ಟ್ರೋಫಿ. ನಮ್ಮೂರ ಟೀಮು ಗೆಲ್ಲಲಿ ಅಂತ ಹೊರಗಿನಿಂದ ಮೂವರು ರೈಡರ್‌ಗಳಿಗೆ ದುಡ್ಡು ಕೊಟ್ಟು ಕರೆಸಿದರು. ಟ್ರೋಫಿ ಬಂತು. ಅದೀಗ ಪಂಚಾಯ್ತಿ ಆಫೀಸಿನ ಬೀರುವಿನ ಮೇಲೆ ಧೂಳು ಹಿಡಿದು ಕೂತಿದೆ. ಕೆರೆ ಪಕ್ಕದ ಬಯಲಲ್ಲಿ ಸುಣ್ಣದ ಗೆರೆ ಇಲ್ಲ.

ಒಂದು ರಾತ್ರಿಯ ಪೆಂಡಾಲು, ಸೌಂಡಿನ ಬಾಡಿಗೆ, ಹೊರಗಿನ ರೈಡರ್‌ಗಳ ಖರ್ಚನ್ನು ಒಟ್ಟು ಮಾಡಿ ಹನ್ನೆರಡು ತಿಂಗಳಿಗೆ ಹಂಚಿ ನೋಡಿ. ಊರಲ್ಲೇ ಬೇರೆ ಕೆಲಸ ಮಾಡಿಕೊಂಡು ಬೆಳಿಗ್ಗೆ ಸಂಜೆ ಆಟ ಕಲಿಸುವ ಒಬ್ಬರಿಗೆ ಅದು ಒಂದು ಗೌರವಧನ ಆಗುತ್ತಿತ್ತು.

ಪಕ್ಕದ ತಾಲ್ಲೂಕು

ಇದೆಲ್ಲ ದೊಡ್ಡ ಊರಿನ ಮಾತು ಅನ್ನಿಸಿದರೆ, ಪಕ್ಕದ ತಾಲ್ಲೂಕನ್ನು ನೋಡಿ. ಟಿ. ನರಸೀಪುರ ತಾಲ್ಲೂಕಿನ ಕುರುಬೂರು. ಆ ಊರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಗೆದ್ದ ತಂಡ ಅದು. ಅವರು ಖೋಖೋ ಕಲಿತದ್ದು ತಮ್ಮೂರಿನ ಶಾಲೆಯ ಮೈದಾನದಲ್ಲಿ, ಶಾಲೆಯ ಮೇಷ್ಟ್ರ ಕೈಯಲ್ಲಿ. ನಮ್ಮ ಊರಿಗೂ ಆ ಊರಿಗೂ ಮಣ್ಣಿನಲ್ಲಿ, ನೀರಿನಲ್ಲಿ, ಊಟದಲ್ಲಿ ಏನು ವ್ಯತ್ಯಾಸ? ಅಲ್ಲಿ ಕಲಿಸುವವರು ಒಬ್ಬರು ನಿಂತರು, ಅಷ್ಟೇ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ‘ನಿಲ್ಲುವುದು’ ಇನ್ನೂ ಮುಖ್ಯ. ಹನೂರು ಕಡೆಯ ದೂರದ ಊರುಗಳಲ್ಲಿ, ಬಿಳಿಗಿರಿ ಬೆಟ್ಟದ ಪೋಡುಗಳಲ್ಲಿ, ಓಟದಲ್ಲಿ ಹುಡುಗರನ್ನೇ ಹಿಂದಿಕ್ಕುವ ಹುಡುಗಿಯರಿದ್ದಾರೆ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಆಟ ನಿಂತುಹೋಗುತ್ತದೆ. ಅವ್ವಂದಿರನ್ನು ಬೈದು ಪ್ರಯೋಜನವಿಲ್ಲ. ಈ ವರ್ಷ ಬಂದು ಮುಂದಿನ ವರ್ಷ ಹೋಗುವ ಗೊತ್ತಿಲ್ಲದವರ ಜೊತೆ ಮಗಳನ್ನು ಮೂರು ದಿನದ ಕ್ರೀಡಾಕೂಟಕ್ಕೆ ಯಾರು ಕಳಿಸುತ್ತಾರೆ? ಅದೇ ಐದು ವರ್ಷದಿಂದ ಬೀದಿಯಲ್ಲಿ ನೋಡಿದ, ಮನೆಗೆ ಬಂದು ಕಾಫಿ ಕುಡಿದು ಹೋದ ಮೇಡಮ್ಮೋ ಮೇಷ್ಟ್ರೋ ಕೇಳಿದರೆ, ‘ಹುಷಾರು ಕವ್ವ’ ಅಂತ ಬ್ಯಾಗು ಕೈಗೆ ಕೊಟ್ಟು ಕಳಿಸುತ್ತಾರೆ. ನಂಬಿಕೆ ಬೆಳೆಯಲು ವರ್ಷಗಳು ಬೇಕು.

ಒಳ್ಳೆ ಕೋಚನ್ನು ಕೈಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ದೇಶವೇ ಒಮ್ಮೆ ನೋಡಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್‌ನಲ್ಲಿ ಭಾರತ 24–27ರಿಂದ ಇರಾನಿಗೆ ಸೋತಿತು. ಇರಾನಿನ ಹುಡುಗಿಯರನ್ನು ತಯಾರು ಮಾಡಿದ್ದು ನಾಸಿಕ್‌ನ ಶೈಲಜಾ ಜೈನ್. ನಮ್ಮ ಆಟ, ನಮ್ಮ ಕೋಚ್, ಚಿನ್ನ ಮಾತ್ರ ಅವರಿಗೆ.

ಏನು ಮಾಡಬಹುದು

“ಪಿಟಿ ಮೇಷ್ಟ್ರನ್ನು ಕೊಡಬೇಕಾದದ್ದು ಸರ್ಕಾರ, ನಾವ್ಯಾಕೆ ದುಡ್ಡು ಹಾಕಬೇಕು?” ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸರ್ಕಾರವನ್ನು ಕೇಳಲೇಬೇಕು. ನಿಮ್ಮೂರ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇದೆಯೇ, ಖಾಲಿಯಿದ್ದರೆ ಎಷ್ಟು ವರ್ಷದಿಂದ, ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. ಆದರೆ ಸರ್ಕಾರ ಕೊಡುವವರೆಗೆ ಈಗ ಎಂಟನೇ ಕ್ಲಾಸಿನಲ್ಲಿರುವ ಹುಡುಗ ಕಾಯುವುದಿಲ್ಲ. ಅವನಿಗೆ ವಯಸ್ಸಾಗುತ್ತದೆ.

ಪಂದ್ಯಾವಳಿ ನಡೆಸುವ ಯುವಕ ಸಂಘದವರಿಗೆ ನನ್ನ ಕೋರಿಕೆ ಚಿಕ್ಕದು. ಫ್ಲೆಕ್ಸ್ ಪ್ರಿಂಟ್ ಹಾಕಿಸುವ ಮೊದಲು, ಕೂಡಿದ ದುಡ್ಡಿನಲ್ಲಿ ಒಂದು ಪಾಲು ಎತ್ತಿಡಿ. ಟ್ರೋಫಿ ಒಂದಡಿ ಚಿಕ್ಕದಾಗಲಿ, ಪರವಾಗಿಲ್ಲ. ಆ ಪಾಲು ವರ್ಷಪೂರ್ತಿ ಆಟ ಕಲಿಸುವವರಿಗೆ. ಹೊರಗಿನ ರೈಡರ್ ಕರೆಸುವ ಚಟ ಬಿಡಿ. ಊರ ಹುಡುಗರೇ ಆಡಿ ಸೋಲಲಿ.

ಊರಲ್ಲಿ ಆಡಿ ಬಿಟ್ಟ ಹಳೆ ಆಟಗಾರರು ಇದ್ದೇ ಇರುತ್ತಾರೆ. ಅವರಲ್ಲಿ ಆಸಕ್ತಿ ಇರುವ ಒಬ್ಬರನ್ನು ತಯಾರು ಮಾಡಿ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎಲ್ಲರೂ ಎನ್‌ಐಎಸ್ ಅನ್ನುತ್ತಾರಲ್ಲ, ಅದು ತರಬೇತುದಾರರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಹೋಬಳಿಗೆ ಒಬ್ಬರನ್ನು ನಾಲ್ಕಾರು ಊರಿನವರು ಸೇರಿ ಕಳಿಸಿದರೆ, ಮೊಣಕಾಲು ತಿರುಚದಂತೆ ಹೇಗೆ ಬೀಳಬೇಕು ಅನ್ನುವುದನ್ನಾದರೂ ಹುಡುಗರು ಸರಿಯಾಗಿ ಕಲಿಯುತ್ತಾರೆ.

ಇನ್ನೊಂದು, ದುಡ್ಡು ಬೇಡದ್ದು. ನಿಮ್ಮ ಕೈಯಲ್ಲಿರುವ ಫೋನು. ಮುಂದಿನ ಪಂದ್ಯದಲ್ಲಿ ಸ್ಟೇಟಸ್‌ಗೆ ಹಾಕಲು ಹದಿನೈದು ಸೆಕೆಂಡ್ ತೆಗೆಯುವ ಬದಲು, ಎತ್ತರದಲ್ಲಿ ನಿಂತು ಇಡೀ ಪಂದ್ಯ ರೆಕಾರ್ಡ್ ಮಾಡಿ. ಮರುದಿನ ಎಲ್ಲರೂ ಕೂತು ನೋಡಿ. ಪ್ರತಿ ರೈಡಿಗೂ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ: ಎದುರಿಗೆ ಎಷ್ಟು ಜನ ಇದ್ದರು, ಎಷ್ಟು ಸೆಕೆಂಡ್ ಉಳಿದಿತ್ತು, ಪಾಯಿಂಟ್ ಬೇಕಿತ್ತಾ ಬೇಡವಾ? ಒಂದು ತಿಂಗಳು ಹೀಗೆ ಮಾಡಿದರೆ, ಕಳೆದ ವರ್ಷ ಮೂವರ ಮಧ್ಯೆ ನುಗ್ಗಿದ ಆ ಹುಡುಗನಿಗೆ ಎಣಿಸಲು ಗ್ಯಾನ ಇರುತ್ತದೆ.

ಅವನಿಗೀಗ ಹದಿನೇಳು. ಇನ್ನೂ ಆಡುತ್ತಿದ್ದಾನೆ. ಮೊನ್ನೆ ಸಿಕ್ಕಾಗ, ಮುಂದಿನ ವರ್ಷ ಏನು ಮಾಡ್ತೀಯಾ ಅಂತ ಕೇಳಿದೆ. “ಬೆಂಗ್ಳೂರ್ಗೆ ಹೋಗದಾ ಅಂತವ್ನಿ ಕನಣ್ಣ, ಕೆಲ್ಸ ಐತಂತೆ” ಅಂದ. ನಮ್ಮ ಅಣ್ಣ ಹೋದ ಬಸ್ಸೇ ಅದು. ಈ ಸಲದ ಫ್ಲೆಕ್ಸ್ ಪ್ರಿಂಟ್ ಆಗುವ ಮೊದಲು ನಿಮ್ಮೂರ ಸಂಘದಲ್ಲಿ ಒಂದು ಸಲ ಈ ಮಾತು ಎತ್ತಿ.